ಕಾರಣ ಹಕ್ಕಿಯಲ್ಲ

ಕಾಗೆ ಯಾಕೆ ಸಾಯುವುದಿಲ್ಲ?

ಈ ಪ್ರಶ್ನೆ ತಿಪ್ಪಯ್ಯನನ್ನು ಬೆಳಗಿನಿಂದ ಬಿಟ್ಟಿರಲಿಲ್ಲ. ಅವನು ಬಾವಿಕಟ್ಟೆಯ ಮೇಲೆ ಕೂತು ಕತ್ತೆತ್ತಿ ನೋಡುತ್ತಿದ್ದ. ತಂತಿಯ ಮೇಲೆ ಏಳೆಂಟು ಕಾಗೆಗಳು ಸಾಲಾಗಿ ಕೂತು, ಊರಿನ ಪಂಚಾಯ್ತಿಯೆಲ್ಲ ತಮ್ಮದೇ ಎಂಬಂತೆ ಕೂಗಾಡುತ್ತಿದ್ದವು. ನಿನ್ನೆ ಕರೆಂಟು ಹರಿಯುವಾಗಲೂ ಹೀಗೇ ಕೂತಿದ್ದವು. ಒಂದಕ್ಕೂ ಏನೂ ಆಗಿರಲಿಲ್ಲ. ಕಂಬದ ಬುಡದಲ್ಲಿ ಮಾತ್ರ ಒಂದು ಕೊಕ್ಕರೆ ಸತ್ತು ಬಿದ್ದಿತ್ತು. ಅದರ ರೆಕ್ಕೆಯ ತುದಿ ಸುಟ್ಟು ಕರಿಯಾಗಿತ್ತು. ಕರೆಂಟು ಕೊಲ್ಲುವುದಾದರೆ ಕಾಗೆಯನ್ನೂ ಕೊಲ್ಲಬೇಕು. ಕಾಗೆಯನ್ನು ಬಿಟ್ಟು ಕೊಕ್ಕರೆಯನ್ನೇ ಕೊಲ್ಲುತ್ತದೆ ಎಂದರೆ ದೋಷ ಕೊಕ್ಕರೆಯಲ್ಲೇ ಇರಬೇಕು. ಹಾಗೆಂದುಕೊಂಡರೆ ಮನಸ್ಸಿಗೆ ಸಮಾಧಾನವಾಗಬೇಕಿತ್ತು. ಯಾಕೋ ಆಗಲಿಲ್ಲ.

ಅದು ಅರವತ್ತನಾಲ್ಕನೆಯ ಇಸವಿಯ ಬೇಸಿಗೆ. ಗೌಡಗೆರೆ ಹೋಬಳಿಯ ಸಾಲುಹುಣಸೆ ಎಂಬ ಆ ಹಳ್ಳಿಗೆ ಕರೆಂಟು ಬಂದು ಮೂರು ವರ್ಷವಾಗಿತ್ತು. ತಿಪ್ಪಯ್ಯನ ಬಾವಿಗೆ ಪಂಪು ಬಂದಿತ್ತು. ಕಪಿಲೆ ಎಳೆದು ನೀರೆತ್ತುತ್ತಿದ್ದ ಎತ್ತುಗಳು ಹೋದವು, ಕಪಿಲೆಯ ತೊಗಲನ್ನು ಇಲಿಗಳು ಕಡಿದು ಹಾಕಿದವು. ಈಗ ಪಂಪು ನಿಂತರೆ ತೋಟಕ್ಕೆ ಒಂದು ಹನಿ ನೀರಿಲ್ಲ.

ಕೊಕ್ಕರೆಗಳು ಮಾತ್ರ ಮೂರು ವರ್ಷದವಲ್ಲ. ಅಜ್ಜನ ಅಜ್ಜನ ಕಾಲದಿಂದ, ಸಂಕ್ರಾಂತಿ ಕಳೆಯುತ್ತಲೇ ಅವು ಕೆರೆಯ ಕೆಳಗಿನ ಹುಣಸೆಮರಗಳಿಗೆ ಬಂದು ಗೂಡು ಕಟ್ಟುತ್ತಿದ್ದವು. ಹಳದಿ ಕೊಕ್ಕು, ಬಾಲದ ಬಳಿ ಗುಲಾಬಿ ಬಣ್ಣ, ಮನುಷ್ಯರ ಸೊಂಟದೆತ್ತರದ ದೊಡ್ಡ ಹಕ್ಕಿ. ಗೂಡಿರುವ ಕೊಂಬೆಗೆ ಕೋಲು ಹಾಕಿ ಹಣ್ಣು ಉದುರಿಸುವಂತಿಲ್ಲ ಎಂಬುದು ಊರಿನ ಕಟ್ಟು. ತಾನಾಗಿ ಉದುರಿದ್ದನ್ನು ಆಯಬಹುದು. ಮರದಲ್ಲಿ ಉಳಿದದ್ದಕ್ಕೆ ‘ಕೊಕ್ಕರೆ ಪಾಲು’ ಎಂದು ಹೆಸರು.

“ಇನ್ನೂ ಇಲ್ಲೇ ಕುಂತಿದ್ದೀಯಾ?” ಹೆಂಡತಿ ಗಂಗರತ್ನಮ್ಮ ಬದುವಿನ ಮೇಲೆ ಬಿರಬಿರನೆ ಬಂದಳು. “ಮೆಣಸಿನ ಗಿಡ ಹೂವು ಉದುರಿಸ್ತಾ ಅವೆ. ನೀನು ಕಾಗೆ ಎಣಿಸ್ಕಂಡು ಕುಂತ್ಕೊ.”

“ಎಣಿಸ್ತಿಲ್ಲ ಕಣೇ. ಯೋಚ್ನೆ ಮಾಡ್ತಿದ್ದೀನಿ.”

“ನಿನ್ನ ಯೋಚ್ನೆಗೆ ನೀರು ಬತ್ತದಾ? ಈ ತಿಂಗಳು ಇದು ನಾಲ್ಕನೇ ಸಲ. ಕೊಕ್ಕರೆ ಸಾಯ್ತದೆ, ಢಮ್ ಅಂತದೆ, ಪಂಪು ನಿಂತ್ಕಂತದೆ. ಲೈನ್‌ಮನ್ನು ಬರೋಗಂಟ ಎರಡು ದಿನ. ಆ ಮರ ಕಡಿಸಿಬುಟ್ರೆ ಎಲ್ಲಾ ಮುಗೀತು.”

“ಯಾರ ಮರ ಕಡಿಸ್ತೀಯೇ ರತ್ನಿ?”

ಹುಣಸೆಮರದ ಬುಡದಿಂದ ದನಿ ಬಂತು. ತಿಪ್ಪಯ್ಯನ ಅಕ್ಕ ಪುಟ್ಟಕ್ಕ ಉದುರಿದ ಹಣ್ಣನ್ನು ಮಂಕರಿಗೆ ತುಂಬುತ್ತಿದ್ದಳು. ಗಂಡ ತೀರಿಕೊಂಡ ಮೇಲೆ ತಮ್ಮನ ಮನೆಗೆ ಬಂದವಳು. ಬಾಯಿ ಮಾತ್ರ ಯಾರ ಮನೆಯ ಹಂಗಿನಲ್ಲೂ ಇಲ್ಲದ್ದು.

“ಮೂರು ವರ್ಷದ ಕಂಬಕ್ಕೋಸ್ಕರ ಮುತ್ತಾತನ ಕಾಲದ ಮರ ಕಡೀಬೇಕಾ? ಕಂಬ ಕಡಿಸು.”

“ಕಂಬ ಕಡಿಸಿದ್ರೆ ನೀರೆಲ್ಲಿಂದ ಬತ್ತದೆ ಅತ್ತಿಗೆ? ನೀವು ಕಪಿಲೆ ಹೊಡೀತೀರಾ?”

“ಹೊಡೀತೀನಿ ಕಣೇ. ಎಡಕ್ಕೆ ನಿನ್ನ ಗಂಡನ್ನ, ಬಲಕ್ಕೆ ನಿನ್ನ ಕಟ್ಟಿ ಹೊಡೀತೀನಿ.”

ಗಂಗರತ್ನಮ್ಮ ಮುಖ ತಿರುಗಿಸಿ ಕಂಬದ ಬುಡಕ್ಕೆ ನಡೆದಳು. ಸತ್ತ ಕೊಕ್ಕರೆಯನ್ನು ಎತ್ತಿ ಬೇಲಿಯಾಚೆ ಎಸೆಯಲು ಬಗ್ಗಿದಳು.

“ಮುಟ್ಟಬೇಡ ತಾಯಿ! ಹಿಂದೆ ಸರಿ!”

ಕೂಗಿದವನು ಲೈನ್‌ಮನ್ ಮುನೀರ್. ಶಿರಾದವನು. ಸೈಕಲ್ಲನ್ನು ದಾರಿಯಲ್ಲೇ ಕೆಡವಿ ಓಡಿಬಂದ. “ಲೈನು ಸತ್ತಿದೆ ಅಂತ ನಿಂಗೆ ಯಾರಮ್ಮ ಹೇಳಿದ್ರು? ನಿಂತಿರೋದು ಪಂಪು. ಮೇಲೆ ಕರೆಂಟು ಇದ್ರೂ ಇರಬಹುದು, ಇಲ್ಲದಿದ್ರೂ ಯಾವ ಗಳಿಗೇಲಾದ್ರೂ ಬರಬಹುದು. ತಂತಿ ಜೋತುಬಿದ್ದು ಹಕ್ಕೀಗೆ ತಗುಲಿದ್ರೆ ಹಕ್ಕಿ ಜೊತೆ ನೀನೂ ಇಲ್ಲೇ ಮಲಗ್ತಿದ್ದೆ.”

ಗಂಗರತ್ನಮ್ಮ ನಾಲ್ಕು ಹೆಜ್ಜೆ ಹಿಂದೆ ಹೋದಳು. ಮುನೀರ್ ದೂರದ ಸ್ವಿಚ್ಚಿಗೆ ಹೋಗಿ, ಲೈನು ಬಂದ್ ಮಾಡಿ, ಬೀಗ ಹಾಕಿ ಬಂದ. ಆಮೇಲೆಯೇ ಕಂಬದ ಹತ್ತಿರ ಸುಳಿದದ್ದು.

ತಿಪ್ಪಯ್ಯನಿಗೆ ತಡೆಯಲಾಗಲಿಲ್ಲ. “ಸಾಬ್ರೇ, ಒಂದು ಕೇಳ್ತೀನಿ. ನಿಮ್ಮ ಕರೆಂಟಿಗೆ ಕಾಗೆ ಏನು ನೆಂಟನಾ? ಅದನ್ನ ಯಾಕೆ ಏನೂ ಮಾಡಲ್ಲ?”

“ಅರೆ, ಒಳ್ಳೆ ಸವಾಲು ಕೇಳ್ದೆ ತಿಪ್ಪಣ್ಣ!” ಮುನೀರ್ ನಕ್ಕ. “ನೀನು ನೀರು ಕಟ್ಟೋನು, ನೀನೇ ಹೇಳು. ಕಾಲುವೆ ತುಂಬ ನೀರಿದೆ. ಬದು ಗಟ್ಟಿ ಇದೆ. ನೀರು ಪಾತಿಗೆ ಹೋಗ್ತದಾ?”

“ಬದು ಒಡೀದೆ ಹೆಂಗೆ ಓಯ್ತದೆ?”

“ಹಾಂ. ಕಾಗೆ ಅಂದ್ರೆ ಕಾಲುವೇಲಿ ಕೂತಿರೋ ಕಪ್ಪೆ ಇದ್ದಂಗೆ. ಒಂದೇ ತಂತಿ ಮೇಲೆ ಕೂತಿದೆ, ಬೇರೆ ಏನನ್ನೂ ಮುಟ್ಟಿಲ್ಲ. ಕರೆಂಟಿಗೆ ಅದರ ಮೈಯಿಂದ ಹೊರಗೆ ಹರಿಯೋಕೆ ದಾರಿ ಇಲ್ಲ. ಈಗ ಇದನ್ನ ನೋಡು.”

ಅವನು ಸತ್ತ ಕೊಕ್ಕರೆಯ ಎರಡೂ ರೆಕ್ಕೆಯನ್ನು ಬಿದಿರು ಕೋಲಿನಿಂದ ನೆಲದ ಮೇಲೆ ಮೆಲ್ಲಗೆ ಬಿಡಿಸಿದ. “ಬಾ, ಪಕ್ಕದಲ್ಲಿ ಕೈ ಚಾಚು.”

“ಏನ್ ಸಾಬ್ರೇ, ನನ್ನನ್ನೂ ಹಾರಿಸ್ತೀರಾ?”

“ಚಾಚು ಮಾರಾಯ.”

ತಿಪ್ಪಯ್ಯ ಬಗ್ಗಿ ಕೈ ಚಾಚಿದ. ಅವನ ಒಂದು ಮಾರಿಗೆ ಕೊಕ್ಕರೆಯ ರೆಕ್ಕೆ ಒಂದು ಗೇಣು ಕಮ್ಮಿ ಬಂತು, ಅಷ್ಟೇ.

“ಈಗ ಮೇಲೆ ನೋಡು. ಕಬ್ಬಿಣದ ಅಡ್ಡಪಟ್ಟಿ ಇದೆಯಲ್ಲ, ಅಲ್ಲಿಂದ ತಂತಿಗೆ ಎಷ್ಟು ದೂರ?”

“ಒಂದು ಗೇಣು. ಜಾಸ್ತಿ ಅಂದ್ರೆ ಒಂದೂವರೆ.”

“ಅಡ್ಡಪಟ್ಟಿ ಕಬ್ಬಿಣ. ಕಂಬ ಕಬ್ಬಿಣ. ಕಂಬದ ಬುಡ ನೆಲದಲ್ಲಿ. ಕೊಕ್ಕರೆ ಪಟ್ಟಿ ಮೇಲೆ ಕೂತು, ಹಾರೋಕೆ ಅಂತ ರೆಕ್ಕೆ ಬಿಚ್ಚಿತು. ರೆಕ್ಕೆ ತಂತಿಗೆ ತಗುಲ್ತು. ಬದು ಒಡೀತು ತಿಪ್ಪಣ್ಣ. ಹಕ್ಕಿ ಮೈಯೇ ಕಾಲುವೆ ಆಗಿ ಕರೆಂಟು ನೆಲಕ್ಕೆ ಇಳೀತು. ಹದ್ದು, ಗೂಬೆ, ನವಿಲು, ರೆಕ್ಕೆ ಅಗಲ ಇರೋದಕ್ಕೆಲ್ಲ ಇದೇ ಗತಿ. ಎರಡು ತಂತಿ ಹತ್ತಿರ ಹತ್ತಿರ ಇದ್ರೂ ಅಷ್ಟೇ.”

ತಿಪ್ಪಯ್ಯ ಚಾಚಿದ ಕೈಯನ್ನು ನಿಧಾನವಾಗಿ ಮಡಚಿಕೊಂಡ.

“ಇನ್ನೊಂದು,” ಎಂದ ಮುನೀರ್. “ಇದು ತಿರುವಿನ ಕಂಬ. ಲೈನು ತಿರುಗೋ ಕಡೆ ಕಬ್ಬಿಣ ಜಾಸ್ತಿ, ಸುತ್ತಿ ತಂದ ತಂತಿ ತುಂಡು ಜಾಸ್ತಿ, ಅಪಾಯಾನೂ ಜಾಸ್ತಿ. ನಂಗೊಂದು ಅರ್ಥ ಆಗೋಲ್ಲ. ಗೌಡಗೆರೆ ಕಡೆಯಿಂದ ನೆಟ್ಟಗೆ ಬಂದ ಲೈನು ಇಲ್ಲಿ ಯಾಕೆ ಸೊಟ್ಟ ತಿರುಗಿ ಮರದ ಬುಡಕ್ಕೆ ಬಂತು? ನೆಟ್ಟಗೆ ಹೋಗಿದ್ರೆ ನಿನ್ನ ಕಡ್ಲೇಕಾಯಿ ಹೊಲದ ಮೂಲೇಲಿ ಹೋಗ್ಬೇಕಿತ್ತು.”

“ಎಂಜಿನೇರಿಗೆ ಹುಣಸೆ ಮರದ ನೆಳ್ಳು ಬೇಕಿತ್ತೇನೋ,” ಎಂದಳು ಪುಟ್ಟಕ್ಕ.

ಎಲ್ಲರೂ ನಕ್ಕರು. ತಿಪ್ಪಯ್ಯನೂ ನಕ್ಕ, ಒಂದು ಗಳಿಗೆ ತಡವಾಗಿ.

ಮುನೀರ್ ಕಂಬ ಹತ್ತಿ ಕೆಲಸ ಮುಗಿಸಿ ಇಳಿದ. ಚೀಲದಿಂದ ಉದ್ದನೆಯ ಪುಸ್ತಕ ತೆಗೆದ. ಲೈನು ಕೆಟ್ಟಾಗಲೆಲ್ಲ ಅವನು ಅದರಲ್ಲಿ ಬರೆಯಬೇಕು: ಯಾವ ದಿನ, ಯಾವ ಊರು, ಯಾವ ಕಂಬ. ಕೊನೆಯ ಕಾಲಂನ ಮೇಲೆ ‘ಕಾರಣ’ ಎಂದಿತ್ತು. ಪೆನ್ಸಿಲ್ಲು ಅಲ್ಲಿಗೆ ಬಂದು ನಿಂತಿತು.

“ಸೋಮವಾರ ಸೂಪರ್‌ವೈಸರು ಬರ್ತಾರೆ,” ಎಂದ ತಲೆಯೆತ್ತದೆ. “ಕೊಡಲಿಯವರನ್ನ ಕರ್ಕೊಂಡು. ಲೈನಿನ ಪಕ್ಕದ ಮೂರು ಮರ ತೆಗೀಬೇಕಂತೆ.”

ಪುಟ್ಟಕ್ಕ ಮಂಕರಿ ಕೆಳಗಿಟ್ಟಳು. “ಯಾರಂದೋರು?”

“ಈ ಪುಸ್ತಕ ಅಂದದ್ದು. ಹನ್ನೊಂದು ಸಲ ಕಾರಣ ಬರೆದಿದೆ. ಹನ್ನೊಂದು ಸಲಾನೂ ಒಂದೇ.”

“ಬರೆದೋರು ಯಾರು?”

“ನಾನೇ.” ಮುನೀರ್ ಪುಟ ತಿರುವಿ ತೋರಿಸಿದ. “ನಾನು ಓದು ಕಲ್ತದ್ದು ಉರ್ದು ಸ್ಕೂಲಲ್ಲಿ. ಕನ್ನಡ ಕಲ್ತದ್ದು ನಿಮ್ಮಂಥೋರ ಬಾಯಲ್ಲಿ. ನೀವು ಅಕ್ಕಿ ಅಕ್ಕಿ ಅಂತೀರ. ಮೊದಲನೇ ಸಲ ‘ಕಾರಣ: ಅಕ್ಕಿ’ ಅಂತ ಬರೆದೆ. ಆಫೀಸೆಲ್ಲ ನಕ್ತು. ಮುನೀರ್ ಸಾಬರೇ, ಸಣ್ಣಕ್ಕೀನೋ ದಪ್ಪಕ್ಕೀನೋ ಅಂದ್ರು. ಕೆಂಪು ಇಂಕಲ್ಲಿ ‘ಹಕ್ಕಿ’ ಅಂತ ತಿದ್ದಿದ್ರು. ಇಲ್ಲಿ ನೋಡಿ. ಅಕ್ಷರ ತಿದ್ದಿದ್ರು. ತಪ್ಪು ಹಂಗೇ ಉಳೀತು.”

“ಅಂದ್ರೆ?”

“ಹಕ್ಕಿ ಏನು ಮಾಡ್ತು ಪುಟ್ಟಕ್ಕ? ಕೂತಿತು, ಹಾರಿತು. ಹಕ್ಕಿ ಮಾಡೋ ಕೆಲಸಾನೇ ಮಾಡ್ತು. ಸತ್ತೋನನ್ನೇ ಕೊಲೆಗಾರ ಅಂತ ಹನ್ನೊಂದು ಸಲ ಬರೆದೆ ನಾನು. ಇನ್ನು ಬರೆಯೋಲ್ಲ.”

ಅವನು ಪೆನ್ಸಿಲ್ಲು ಒತ್ತಿ ಬರೆದ. ಕಾರಣ: ಕಂಬ.

“ಕೆಲಸ ಓಯ್ತದೆ ಸಾಬ್ರೇ,” ಎಂದ ತಿಪ್ಪಯ್ಯ.

“ಹೋಗ್ಲಿ. ಸುಳ್ಳು ಬರೆಯೋಕೆ ಯಾರೂ ನನ್ನನ್ನ ಕಂಬ ಹತ್ತಿಸಿಲ್ಲ.”

ಪಂಪು ಮತ್ತೆ ಓಡಿತು. ತಿಪ್ಪಯ್ಯ ಎರಡು ದಿನ ಮೆಣಸಿನ ಪಾತಿಗಳಿಗೆ ನೀರು ಕಟ್ಟಿದ. ಕಾಲುವೆಯ ಬದು ಒಡೆಯುವಾಗಲೆಲ್ಲ ಒಂದು ಕ್ಷಣ ಸನಿಕೆ ನಿಲ್ಲಿಸುತ್ತಿದ್ದ.

ಭಾನುವಾರ ಮಧ್ಯಾಹ್ನ ಗಂಗರತ್ನಮ್ಮ ಬುತ್ತಿ ತಂದಾಗ ಅವನು ತೋಟದಲ್ಲಿರಲಿಲ್ಲ. ಕಡ್ಲೇಕಾಯಿ ಹೊಲದ ಮೂಲೆಯಲ್ಲಿ, ಬೆಳೆಯಿಲ್ಲದ ಬರಿ ನೆಲದಲ್ಲಿ, ಒಂದು ಹಳೆಯ ಗೂಟದ ಕುಳಿಯ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದ.

“ಇಲ್ಲೇನು ಹುಡುಕ್ತಿದ್ದೀಯ?”

“ಏನಿಲ್ಲ.”

ಇಬ್ಬರೂ ಹುಣಸೆಮರದ ಕೆಳಗೆ ಊಟಕ್ಕೆ ಕೂತರು. ಬಿಸಿಲು ನೆತ್ತಿಗೆ ಬಂದಿತ್ತು. ಮೇಲೆ ಗೂಡುಗಳಲ್ಲಿ ದೊಡ್ಡ ಕೊಕ್ಕರೆಗಳು ರೆಕ್ಕೆಯನ್ನು ಕೊಡೆಯಂತೆ ಬಿಚ್ಚಿ ಅಲ್ಲಾಡದೆ ನಿಂತಿದ್ದವು. ಆ ನೆರಳಲ್ಲಿ ಮರಿಗಳು ಬಾಯಿ ತೆರೆದು ತೇಕುತ್ತಿದ್ದವು. ಒಂದು ಹಕ್ಕಿ ಕೆರೆಯಿಂದ ಮೀನು ತಂದರೆ ಜೊತೆಯದು ನೆರಳು ಹಿಡಿಯುತ್ತಿತ್ತು. ಒಂದು ಗೂಡಿನಲ್ಲಿ ಮಾತ್ರ ನೆರಳಿರಲಿಲ್ಲ. ಎರಡು ಮರಿಗಳು ಬಿಸಿಲಿನಲ್ಲಿ ಕತ್ತು ಚೆಲ್ಲಿ ಮಲಗಿದ್ದವು.

ಗಂಗರತ್ನಮ್ಮ ಬಹಳ ಹೊತ್ತು ಆ ಗೂಡನ್ನೇ ನೋಡಿದಳು. ಕೆರೆಯ ಕಡೆಯಿಂದ ಒಂಟಿ ಕೊಕ್ಕರೆ ಬಂತು. ಮೀನು ಕಕ್ಕಿತು. ರೆಕ್ಕೆ ಬಿಚ್ಚಿ ನಿಂತಿತು. ಮರಿಗಳು ಮತ್ತೆ ಹಸಿದು ಅರಚಿದವು. ಅದು ಹಾರಲೂ ಆಗದೆ ನಿಲ್ಲಲೂ ಆಗದೆ ಕೊಂಬೆಯ ಮೇಲೆ ಅತ್ತಿತ್ತ ಹೆಜ್ಜೆ ಹಾಕಿತು.

“ಇದರ ಜೊತೇದೇ ಅಲ್ವಾ ನಾನು ಬೇಲಿಯಾಚೆ ಎಸೆಯೋಕೆ ಓಗಿದ್ದು?” ಎಂದಳು.

ತಿಪ್ಪಯ್ಯ ಮುದ್ದೆ ಮುರಿಯುತ್ತಿದ್ದವನು ಕೈ ಹಾಗೇ ಹಿಡಿದ.

“ಮೀನಿಗೆ ಓದ್ರೆ ನೆಳ್ಳಿಲ್ಲ. ನೆಳ್ಳಿಗೆ ನಿಂತ್ರೆ ಮೀನಿಲ್ಲ,” ಎಂದಳು ಗಂಗರತ್ನಮ್ಮ. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ಗಟ್ಟಿಯಾಗಿ ಹೇಳಿದಳು: “ನಾಳೆ ಅದ್ಯಾವನು ಕೊಡಲಿ ತತ್ತಾನೋ ತರಲಿ. ನಾನೂ ನೋಡ್ತೀನಿ.”

ಸೋಮವಾರ ಸೂಪರ್‌ವೈಸರ್ ಮಹಾಲಿಂಗಯ್ಯ ಜೀಪಿನಲ್ಲಿ ಬಂದರು. ಆ ವರ್ಷವೇ ಬೇರೆ ಕಡೆಯಿಂದ ವರ್ಗವಾಗಿ ಬಂದವರು. ಇಳಿದು ನೋಡಿದರೆ, ಗೂಡಿನ ಮರದ ಬುಡಕ್ಕೆ ಬೆನ್ನು ಕೊಟ್ಟು ಪುಟ್ಟಕ್ಕ ಎಲೆಅಡಿಕೆ ಹಾಕುತ್ತಿದ್ದಳು. ಪಕ್ಕದ ಮರಕ್ಕೆ ಗಂಗರತ್ನಮ್ಮ. ಮೂರನೆಯದಕ್ಕೆ ಊರಿನ ಐದಾರು ಹೆಂಗಸರು ಸಾಲಾಗಿ ಕೂತಿದ್ದರು.

“ಏನಮ್ಮಾ ಇದು? ಏಳಿ, ಏಳಿ. ಸರ್ಕಾರದ ಲೈನಿಗೆ ಅಡ್ಡ ಬರಬಾರದು.”

“ನಾವೆಲ್ಲಿ ಬಂದ್ವು ಸ್ವಾಮಿ? ನಾವು ಇಲ್ಲೇ ಇದ್ದೋರು. ಬಂದೋರು ನೀವು,” ಎಂದಳು ಪುಟ್ಟಕ್ಕ.

ಮಹಾಲಿಂಗಯ್ಯ ಕೊಡಲಿಯವರ ಕಡೆ ನೋಡಿದರು. ಅವರಲ್ಲಿ ಹಿರಿಯವನಾದ ಪಾಲಪ್ಪ ಪಕ್ಕದ ಹಳ್ಳಿಯವನೇ. ಮೇಲಿನ ಗೂಡುಗಳನ್ನು ನೋಡಿ ಕೊಡಲಿಯನ್ನು ನೆಲಕ್ಕೆ ಊರಿದ. “ಮರಿ ಅವೆ ಬುದ್ಧಿ. ಮರಿ ಇರೋ ಮರಕ್ಕೆ ನಾನು ಕೈ ಹಾಕಲ್ಲ. ಕೂಲಿ ಬ್ಯಾಡ.”

ಮಹಾಲಿಂಗಯ್ಯನವರ ಮುಖ ಕೆಂಪಾಯಿತು. ಮುನೀರನ ಪುಸ್ತಕವನ್ನು ಕಿತ್ತುಕೊಂಡು ಕೊನೆಯ ಸಾಲು ಓದಿದರು. “ಏನ್ರೀ ಇದು? ಕಾರಣ ಕಂಬ? ನಮ್ಮ ಕಂಬದ ಮೇಲೆ ನೀವೇ ದೂರು ಬರೀತೀರಾ? ತಿದ್ದಿ ಇದನ್ನ.”

“ತಿದ್ದೋಲ್ಲ ಸಾರ್.”

“ಏನಂದ್ರಿ?”

“ಮೂರು ಮರ ಹೋದ್ರೆ ಹಕ್ಕಿ ನಾಲ್ಕನೇ ಮರಕ್ಕೆ ಹೋಗ್ತವೆ. ಮತ್ತೆ ಇದೇ ಕಂಬದ ಮೇಲೆ ಕೂರ್ತವೆ. ಆಗ ನಾಲ್ಕನೇ ಮರ ಕಡೀಬೇಕು. ಅದಾದ್ಮೇಲೆ ಕೆರೆ ಮುಚ್ಚಬೇಕು. ಕಂಬ ಒಂದನ್ನ ಸರಿ ಮಾಡಿದ್ರೆ ಹಕ್ಕೀನೂ ಉಳೀತದೆ, ನಮ್ಮ ಫ್ಯೂಸೂ ಉಳೀತದೆ, ಇವರ ಮೆಣಸಿನ ಗಿಡಾನೂ ಉಳೀತದೆ. ಹನ್ನೆರಡು ಸಲ ಈ ಕಂಬ ಹತ್ತಿರೋ ಕಾಲು ಇದು, ಹೇಳ್ತಿದೆ ಕೇಳಿ ಸಾರ್.”

ಮಹಾಲಿಂಗಯ್ಯ ಕೆಟ್ಟವರೇನಲ್ಲ. ಕಂಬವನ್ನು, ಮರವನ್ನು, ಕಂಬ ಸಾಲಾಗಿ ಬಂದ ದಾರಿಯನ್ನು ಒಮ್ಮೆ ನೋಡಿದರು. “ಸರಿ, ಕಂಬ ತೆಗೀತೀನಿ. ಎಲ್ಲಿ ನೆಡಲಿ? ತಮ್ಮ ಹೊಲದಲ್ಲಿ ಕಂಬ ನೆಡಿ ಅನ್ನೋ ಪುಣ್ಯಾತ್ಮ ಈ ಸೀಮೇಲಿ ನಂಗೆ ಒಬ್ಬನೂ ಸಿಕ್ಕಿಲ್ಲ. ಎಲ್ಲರಿಗೂ ಕರೆಂಟು ಬೇಕು, ಕಂಬ ಮಾತ್ರ ಪಕ್ಕದವನ ಹೊಲದಲ್ಲಿರಬೇಕು.”

ಮೇಲೆ ಕೊಕ್ಕರೆಗಳು ಕೊಕ್ಕು ಬಡಿಯುವ ಸದ್ದು ಮಾತ್ರ ಕೇಳುತ್ತಿತ್ತು. ತಿಪ್ಪಯ್ಯ ಅಲ್ಲೇ, ಹೆಂಗಸರಿಂದ ಸ್ವಲ್ಪ ದೂರದಲ್ಲಿ ನಿಂತಿದ್ದ. ಎರಡು ಹೆಜ್ಜೆ ಮುಂದೆ ಬಂದ.

“ನನ್ನ ಹೊಲದಲ್ಲಿ ನೆಡಿ,” ಎಂದ.

ಗಂಗರತ್ನಮ್ಮ ತಿರುಗಿ ನೋಡಿದಳು.

“ಕಡ್ಲೇಕಾಯಿ ಹೊಲದ ಮೂಲೇಲಿ. ಲೈನು ನೆಟ್ಟಗೆ ಓಯ್ತದೆ, ತಿರುವೂ ಇರಲ್ಲ. ಎಲ್ಲಿ ಬೇಕಾದ್ರೂ ಬರೆದುಕೊಳ್ಳಿ, ಹೆಬ್ಬೆಟ್ಟು ಒತ್ತುತ್ತೀನಿ. ಮರದ ಮೇಲೆ ಮಾತ್ರ ಒಂದು ಏಟು ಬೀಳಬಾರದು. ಬಿದ್ರೆ ಮೊದಲು ನನ್ನ ಮೇಲೆ ಬೀಳಲಿ.”

ಮಹಾಲಿಂಗಯ್ಯ ಒಪ್ಪಿದರು. ಹಕ್ಕಿಗಳು ಬೆದರಿ ಗೂಡು ಬಿಡಬಾರದೆಂದು, ಮರಿಗಳು ಹಾರಿಹೋಗುವ ತನಕ ಕಂಬ ಅಲ್ಲೇ ಇರಬೇಕಾಯಿತು. ಆದರೆ ಆ ವಾರವೇ ಮುನೀರ್ ಲೈನು ಬಂದ್ ಮಾಡಿ ಕಂಬ ಹತ್ತಿದ. ಅಡ್ಡಪಟ್ಟಿಗಿಂತ ಎರಡು ಮೊಳ ಮೇಲೆ ಕೊಕ್ಕರೆ ಕೂರಲು ಒಂದು ಮರದ ತುಂಡು ಕಟ್ಟಿದ. ಕಂಬದ ಹತ್ತಿರದ ತಂತಿಗೆ, ಆಫೀಸಿನಿಂದ ತರಿಸಿದ ರಬ್ಬರು ಹೊದಿಕೆ ತೊಡಿಸಿದ. ಕೆರೆಯ ಮೇಲೆ ಹಾಯುವ ತಂತಿ ಹಾರುವ ಹಕ್ಕಿಗೆ ದೂರದಿಂದಲೇ ಕಾಣಲೆಂದು ಬಿಳಿ ಬಣ್ಣದ ಮರದ ಬಿಲ್ಲೆಗಳನ್ನು ತೂಗುಬಿಟ್ಟ. ಆ ಬೇಸಿಗೆ ಮುಗಿಯುವ ತನಕ ಒಂದು ಹಕ್ಕಿಯೂ ಸಾಯಲಿಲ್ಲ, ಪಂಪೂ ನಿಲ್ಲಲಿಲ್ಲ. ನೆರಳಿಲ್ಲದ ಗೂಡಿನಲ್ಲಿ ಒಂದು ಮರಿ ಸತ್ತಿತು. ಇನ್ನೊಂದು ಉಳಿಯಿತು. ಅದು ಮೊದಲ ಸಲ ಕೆರೆಯವರೆಗೆ ಹಾರಿದ ದಿನ ಗಂಗರತ್ನಮ್ಮ ಕೆಲಸ ಬಿಟ್ಟು ನೋಡಿದಳು.

ಮಳೆಗಾಲದಲ್ಲಿ ಕಂಬ ತಿಪ್ಪಯ್ಯನ ಹೊಲಕ್ಕೆ ಬಂತು. ಲೈನು ನೆಟ್ಟಗಾಯಿತು.

ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ಮಧುಗಿರಿಯಾಗಲಿ ಪಾವಗಡವಾಗಲಿ, ಕೊರಟಗೆರೆಯ ಬೆಟ್ಟದ ಬುಡವಾಗಲಿ, ಇವತ್ತು ಒಮ್ಮೆ ನಿಮ್ಮೂರಿನ ಕಂಬಗಳನ್ನು ತಲೆಯೆತ್ತಿ ನೋಡಿ. ಬುಡದಲ್ಲಿ ಹಕ್ಕಿ ಸತ್ತು ಬಿದ್ದಿದ್ದರೆ ಮುಟ್ಟಬೇಡಿ, ಮಕ್ಕಳನ್ನು ಹತ್ತಿರ ಬಿಡಬೇಡಿ, ನೀವಾಗಿ ಕಂಬ ಹತ್ತಲೇಬೇಡಿ. ಯಾವ ಕಂಬ, ಯಾವ ದಿನ, ಎಷ್ಟು ಹಕ್ಕಿ ಎಂದು ಲೈನ್‌ಮನ್‌ಗೆ ಹೇಳಿ. ಕೂರಲು ಮರದ ತುಂಡು ಕೇಳಿ, ತಂತಿಗೆ ಹೊದಿಕೆ ಕೇಳಿ. ಹೊಸ ಲೈನು ಬರುವಾಗ, ಗೂಡಿನ ಮರದಿಂದ ದೂರ ಹೋಗಲಿ ಎಂದು ಗೂಟ ಹೊಡೆಯುವ ದಿನವೇ ಎದ್ದು ನಿಂತು ಹೇಳಿ. ಮರ ಕಡಿಯೋಣ ಎಂದು ಬಂದವರಿಗೆ, ಅವರು ಯಾರೇ ಆಗಿರಲಿ, ಆಗದು ಎಂದು ಹೇಳಿ. ಒಂದು ಸಲ ಕೇಳದಿದ್ದರೆ ಹನ್ನೆರಡು ಸಲ ಹೇಳಿ. ಹಕ್ಕಿಗೆ ಬಾಯಿದ್ದರೂ ಅರ್ಜಿ ಬರೆಯಲು ಬಾರದು.

ಸಾಲುಹುಣಸೆಯಲ್ಲಿ ಈಗಲೂ ಜನ ತಿಪ್ಪಯ್ಯನದು ದೊಡ್ಡ ಮನಸ್ಸು ಎನ್ನುತ್ತಾರೆ. ಅವನು ಇದ್ದಷ್ಟು ದಿನ, ಹಾಗೆ ಅಂದಾಗಲೆಲ್ಲ ಎದ್ದು ತೋಟದ ಕಡೆ ಹೋಗುತ್ತಿದ್ದ. ಲೈನು ಮೊದಲು ಅಳೆದದ್ದು ತನ್ನ ಹೊಲದ ಮೂಲೆಯ ಮೇಲೇ ಎಂದು, ಅಳೆಯುವವನನ್ನು ಬೇಡಿಕೊಂಡು ಆ ಗೂಟವನ್ನು ಕಿತ್ತು ಹುಣಸೆಮರದ ಬುಡದಲ್ಲಿ ಹೊಡೆದವನು ತಾನೇ ಎಂದು ತಿಪ್ಪಯ್ಯ ಯಾರಿಗೂ ಹೇಳಲಿಲ್ಲ.